ಅನುಭಾವಕ್ಕೆ ವಿಜ್ಞಾನದ ಪ್ರಮಾಣಪತ್ರ ಬೇಕೆ?

ಮಾನ್ಯ ಸಂಪಾದಕರೆ,

ಶ್ರಾವಣ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮಠಗಳಲ್ಲಿ ತಿಂಗಳಿಡೀ ಪ್ರವಚನಗಳು ನಡೆಯುತ್ತವೆ. ನಾನೂ ಶ್ರದ್ಧೆಯಿಂದ ಹೋಗುತ್ತೇನೆ. ಈಚೆಗೆ ಅಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ಹುಬ್ಬುಗಳ ನಡುವಿನ ಪೀನಿಯಲ್ ಗ್ರಂಥಿಯೇ ಶಿವನ ಮೂರನೆಯ ಕಣ್ಣು, ಧ್ಯಾನ ಮಾಡಿದರೆ ಅದು ತೆರೆದು ದೈವೀಶಕ್ತಿ ಹರಿಯುತ್ತದೆ, ಇದನ್ನು ವಿಜ್ಞಾನವೇ ಒಪ್ಪಿದೆ ಎಂದು.

ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವನಾಗಿ ಹೇಳುತ್ತೇನೆ, ವಿಜ್ಞಾನ ಹಾಗೆ ಒಪ್ಪಿಲ್ಲ. ಆ ಗ್ರಂಥಿ ಇರುವುದು ಹುಬ್ಬುಗಳ ನಡುವೆ ಅಲ್ಲ, ಮಿದುಳಿನ ನಟ್ಟನಡುವೆ. ಅಕ್ಕಿಕಾಳಿನಷ್ಟೇ ಇರುವ ಅದು ಕತ್ತಲಾದ ಮೇಲೆ ಮೆಲಟೋನಿನ್ ಸ್ರವಿಸಿ, ಈಗ ರಾತ್ರಿಯೆಂದು ದೇಹಕ್ಕೆ ತಿಳಿಸುತ್ತದೆ. ಬೆಳಕನ್ನು ಗ್ರಹಿಸುವ ನಿಜವಾದ ಮೂರನೆಯ ಕಣ್ಣು ನಮ್ಮ ಬೇಲಿಯ ಮೇಲಿನ ಓತಿಕ್ಯಾತನ ನೆತ್ತಿಯಲ್ಲಿದೆ. ನಮ್ಮ ಪೀನಿಯಲ್ ಗ್ರಂಥಿ ಅದರ ದೂರದ ಬಂಧು. ಈ ಸಂಬಂಧವೇ ಸಾಕಷ್ಟು ಅಚ್ಚರಿಯದು, ಅದಕ್ಕೆ ಬಣ್ಣ ಬಳಿಯಬೇಕಾಗಿಲ್ಲ.

ಸಾಧನೆಯಿಂದ ದೇಹದಲ್ಲಿ ಏನೂ ಆಗುವುದಿಲ್ಲ ಎಂಬುದು ನನ್ನ ವಾದವಲ್ಲ. 2001ರಲ್ಲಿ ಇಟಲಿಯ ಸಂಶೋಧಕರು 23 ಜನರನ್ನು ಪರೀಕ್ಷಿಸಿದಾಗ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ, 'ಓಂ ಮಣಿ ಪದ್ಮೇ ಹುಂ' ಮಂತ್ರವಾಗಲಿ, ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸಿ, ಹೃದಯ ಮತ್ತು ರಕ್ತದೊತ್ತಡದ ಲಯಗಳನ್ನು ಒಂದಕ್ಕೊಂದು ಹೊಂದಿಸಿದ್ದು ಕಂಡುಬಂತು. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಷಡಕ್ಷರಿ ಜಪಿಸುತ್ತಿದ್ದ ನನ್ನ ಅಜ್ಜಿಯ ಉಸಿರು ನಿಧಾನವಾಗಿ ಇಳಿಯುತ್ತಿದ್ದುದನ್ನು ಪಕ್ಕದಲ್ಲೇ ಕುಳಿತು ನೋಡಿದ ನನಗೆ ಅದು ಹೊಸದೆನಿಸಲಿಲ್ಲ. ಅಮೆರಿಕದ ವೈದ್ಯ ಆಂಡ್ರ್ಯೂ ನ್ಯೂಬರ್ಗ್ ಟಿಬೆಟಿನ ಬೌದ್ಧ ಸಾಧಕರ ಮಿದುಳಿನ ಚಿತ್ರ ತೆಗೆದಾಗ, ಗಾಢ ಧ್ಯಾನದಲ್ಲಿ ಪೆರೈಟಲ್ ಭಾಗದ ಚಟುವಟಿಕೆ ತಗ್ಗಿದ್ದು ಕಂಡಿತು. ನಮ್ಮ ಮೈ ಎಲ್ಲಿ ಮುಗಿದು ಹೊರಗಿನದು ಎಲ್ಲಿ ಶುರುವಾಗುತ್ತದೆ ಎಂಬ ಅರಿವಿಗೆ ನೆರವಾಗುವ ಭಾಗವದು. ನಾನೆಂಬುದು ಕರಗಿಹೋಗುವ, ಶರಣರು 'ಬಯಲು' ಎಂದು ಕರೆದ ಸ್ಥಿತಿಗೂ ಇದಕ್ಕೂ ನಂಟಿರಬಹುದೆಂದು ನನಗೆ ಅನಿಸುತ್ತದೆ. ಆದರೆ ದೇವರಿದ್ದಾನೆ ಎನ್ನುವವರೂ, ಅದೆಲ್ಲ ಮಿದುಳಿನ ಆಟ ಎನ್ನುವವರೂ ಅದೇ ಚಿತ್ರವನ್ನೇ ತೋರಿಸುತ್ತಾರೆ. ಆ ಚಿತ್ರ ಇಬ್ಬರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ನನ್ನ ಆತಂಕ ಬೇರೆಯದು. ನನ್ನ ವಿದ್ಯಾರ್ಥಿಯೊಬ್ಬನಿಗೆ ಆಗಾಗ ದೃಷ್ಟಿ ನೆಟ್ಟು ನಿಂತು, ಯಾರೋ ಕರೆದಂತೆ ಭಾಸವಾಗುತ್ತಿತ್ತು. ಮನೆಯವರು ಅದನ್ನು ದೈವಕೃಪೆಯೆಂದು ನಂಬಿ ಎರಡು ವರ್ಷ ಕಳೆದರು. ಕೊನೆಗೆ ಅದು ಮಿದುಳಿನ ಟೆಂಪೊರಲ್ ಭಾಗದ ಮೂರ್ಛೆರೋಗವೆಂದು ತಿಳಿಯಿತು, ಗುಳಿಗೆಗಳಿಂದ ಹತೋಟಿಗೂ ಬಂತು. ವೇದಿಕೆಯ ಮೇಲಿನ ಒಂದು ಸಡಿಲ ಮಾತು ಇಂಥ ಮನೆಗಳಲ್ಲಿ ಗುಳಿಗೆ ನಿಲ್ಲಿಸಲು ನೆಪವಾಗುತ್ತದೆ.

ಮಾನಸಿಕ ಆರೋಗ್ಯ ಮತ್ತು ನರರೋಗಗಳಿಗೆ ಚಿಕಿತ್ಸೆ ನೀಡುವ ಡಿಮ್ಹಾನ್ಸ್ ಸಂಸ್ಥೆ ಧಾರವಾಡದಲ್ಲೇ ಇದೆ. ಮುಂದಿನ ಶ್ರಾವಣದಲ್ಲಿ ಒಂದು ಸಂಜೆಯಾದರೂ ಅಲ್ಲಿನ ತಜ್ಞವೈದ್ಯರೊಬ್ಬರನ್ನು ಪೂಜ್ಯರ ಪಕ್ಕದಲ್ಲಿ ಕೂರಿಸಿ, ಭಕ್ತರ ಪ್ರಶ್ನೆಗಳಿಗೆ ಉತ್ತರ ಕೊಡಿಸಬೇಕೆಂದು ಪ್ರವಚನ ಸಮಿತಿಗಳನ್ನು ವಿನಂತಿಸುತ್ತೇನೆ.

– ನಿವೃತ್ತ ಉಪನ್ಯಾಸಕ, ಸಾಧನಕೇರಿ, ಧಾರವಾಡ