ನನಗೂ ಒಂದು ಗಂಗ್ಸಾ ಬಿಟ್ಟುಕೊಟ್ಟವರಿಗೆ

ಬಾಲಿಯಲ್ಲಿ ನನ್ನ ಓದು ಮುಗಿಯಿತು. ಇಂಡೋನೇಷ್ಯಾ ಸರ್ಕಾರದ ದರ್ಮಸಿಸ್ವಾ ವಿದ್ಯಾರ್ಥಿವೇತನ ಸಿಕ್ಕಿ ಡೆನ್‌ಪಸಾರ್‌ಗೆ ಗಾಮೆಲಾನ್, ಅಂದರೆ ಇಲ್ಲಿನ ಕಂಚಿನ ವಾದ್ಯಗಳ ಮೇಳ, ಕಲಿಯಲು ಬಂದಿದ್ದೆ. ಹೋದ ವಾರ ಇಲ್ಲಿನ ದೇವಸ್ಥಾನದ ಒಡಾಲಾನ್ ಉತ್ಸವದಲ್ಲಿ, ಕೇರಿಯ ಹೆಂಗಸರ ತಂಡದ ಜೊತೆ ಕೂತು ನುಡಿಸಿದೆ. ಅದಕ್ಕೆ ಕಾರಣರಾದವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಲೇಬೇಕು. ಇವರಿಗೆ ಕನ್ನಡ ಬಾರದು. ಆದರೂ ನಮ್ಮವರಿಗೆ ಇವರ ವಿಷಯ ಗೊತ್ತಾಗಲಿ.

ಮೊದಲು ನಮ್ಮ ಗುರುಗಳು. ನಾವೆಲ್ಲ ಅವರನ್ನು ಪಾಕ್, ಅಂದರೆ ಅಪ್ಪ, ಅಂತ ಗೌರವದಿಂದ ಕರೆಯುತ್ತೇವೆ. ತರಗತಿಯಲ್ಲಿ ಕಲಿಸಿದ್ದಲ್ಲದೆ ನನ್ನನ್ನು ತಮ್ಮ ಕೇರಿಯ ತಂಡಕ್ಕೂ ಸೇರಿಸಿದರು. ಗಂಗ್ಸಾ ಅಂದರೆ ಸುತ್ತಿಗೆಯಿಂದ ನುಡಿಸುವ ಕಂಚಿನ ಪಟ್ಟಿಗಳ ವಾದ್ಯ. ಪಾಕ್ ಅದರ ಆ ಕಡೆ, ನನ್ನ ಎದುರಿಗೇ ಕೂರುತ್ತಿದ್ದರು. ಹತ್ತು ಕಂಚಿನ ಪಟ್ಟಿಗಳನ್ನೂ ಅಲ್ಲಿಂದಲೇ, ಎಡಬಲ ಅದಲುಬದಲಾಗಿ ನುಡಿಸಿ ತೋರಿಸುತ್ತಿದ್ದರು. ಪುಸ್ತಕವಿಲ್ಲ, ಸ್ವರ ಬರೆದ ಹಾಳೆಯಿಲ್ಲ. ಅವರ ಸುತ್ತಿಗೆ ಎಲ್ಲಿ ಬೀಳುತ್ತದೋ ನನ್ನದೂ ಅಲ್ಲೇ ಬೀಳಬೇಕು. ಬಲಗೈ ಮುಂದಿನ ಪಟ್ಟಿಗೆ ಹೊಡೆಯುವಾಗಲೇ ಎಡಗೈಯ ಹೆಬ್ಬೆರಳು, ತೋರುಬೆರಳು ಹಿಂದಿನ ಪಟ್ಟಿಯನ್ನು ಹಿಡಿದು ದನಿ ನಿಲ್ಲಿಸಬೇಕು. ತಡವಾದರೆ ಸ್ವರಗಳು ಕಲಸಿಹೋಗುತ್ತವೆ. ಬೇಗ ಹಿಡಿದರೆ ಸ್ವರ ಏಳುವುದೇ ಇಲ್ಲ. ನನ್ನ ಎಡಗೈ ಪಳಗುವವರೆಗೂ ಪಾಕ್ ಒಂದೇ ಸಾಲನ್ನು ಬೇಸರವಿಲ್ಲದೆ ನುಡಿಸಿದರು.

ನಾನು ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಹಾಡಿದವಳು. ಆವರ್ತದ ಮೊದಲ ಏಟಿಗೇ ತೂಕ ಜಾಸ್ತಿ ಅಂತ ಮೈಗೆ ಅಂಟಿಬಿಟ್ಟಿತ್ತು. ಇಲ್ಲಿ ದೊಡ್ಡ ಗಾಂಗ್ ಬೀಳುವುದು ಆವರ್ತದ ಕೊನೆಯಲ್ಲಿ, ಎಲ್ಲ ಅದರ ಕಡೆಗೇ ಹರಿಯುತ್ತದೆ. ಜೋಡಿ ವಾದ್ಯಗಳಲ್ಲಿ ಒಂದರ ಶ್ರುತಿ ಇನ್ನೊಂದಕ್ಕಿಂತ ಚೂರು ಮೇಲಿರುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಎರಡನ್ನೂ ಒಟ್ಟಿಗೆ ಹೊಡೆದಾಗ ದನಿ ಅಲೆಅಲೆಯಾಗಿ ನಡುಗುತ್ತದೆ. ಆ ನಡುಕವಿಲ್ಲದ ಗಾಮೆಲಾನ್ ಈಗ ನನಗೂ ಸಪ್ಪೆ.

ಇನ್ನು ತಂಡದ ಇಬುಗಳು, ಅಂದರೆ ಅಲ್ಲಿನ ಅಮ್ಮಂದಿರು. ಇವರ ಋಣ ದೊಡ್ಡದು. 20ನೇ ಶತಮಾನದ ಶುರುವಿನಲ್ಲಿ ಉತ್ತರ ಬಾಲಿಯಲ್ಲಿ ಹುಟ್ಟಿದ ಗೊಂಗ್ ಕೆಬ್ಯಾರ್ ಎಂಬ ಗಾಮೆಲಾನ್ ಶೈಲಿ ಬಹಳ ಕಾಲ ಗಂಡಸರ ಕೈಯಲ್ಲೇ ಇತ್ತು. ಬಾಲಿಯ ಹೆಂಗಸರು ತಂಡ ಕಟ್ಟಿ ನುಡಿಸಲು ಹೊರಟದ್ದರಿಂದಲೇ ನನಗೂ ಕೂರಲು ಜಾಗ ಸಿಕ್ಕಿತು, ಅಲ್ವಾ?

ಒಂದೇ ಸಾಲನ್ನು ಇಬ್ಬರು ಹಂಚಿಕೊಂಡು ನುಡಿಸುತ್ತಾರೆ. ಪಕ್ಕದ ಇಬು ಪೊಲೊಸ್ ಎಂಬ ಪಾಲನ್ನು ನುಡಿಸುತ್ತಿದ್ದರು, ನಾನು ಸಾಂಗ್‌ಸಿಹ್. ಒಬ್ಬರು ಬಿಟ್ಟ ಸಂದಿಯಲ್ಲಿ ಇನ್ನೊಬ್ಬರ ಏಟು ಬೀಳಬೇಕು. ಎರಡೂ ಸೇರಿದರೆ ಒಬ್ಬರ ಕೈಯಲ್ಲಿ ಆಗದಷ್ಟು ವೇಗ ಬರುತ್ತದೆ. ಇಡೀ ಸೆಟ್ಟಿಗೆ ಒಟ್ಟಿಗೇ ಶ್ರುತಿ ಕೂಡಿಸಿರುವುದರಿಂದ ಬೇರೆಡೆಯ ಗಂಗ್ಸಾ ಇದಕ್ಕೆ ಹೊಂದುವುದಿಲ್ಲ. ಅಭ್ಯಾಸಕ್ಕೆ ಕೇರಿಯ ಮಂಟಪಕ್ಕೇ ಬರಬೇಕು. ಆ ಇಬು ಅಡುಗೆ ಮುಗಿಸಿ, ಪೂಜೆಗೆ ಚಾನಂಗ್ ಎಂಬ ಹೂವಿನ ನೈವೇದ್ಯ ಕಟ್ಟಿ, ಮಗುವನ್ನು ಮಲಗಿಸಿ ಬಂದು, ಎಲ್ಲರೂ ಎದ್ದುಹೋದ ಮೇಲೂ ನನಗೋಸ್ಕರ ಕೂರುತ್ತಿದ್ದರು. ಉತ್ಸವದ ದಿನ ನನಗೆ ಕಾಮೆನ್ (ಲುಂಗಿಯಂಥ ಬಟ್ಟೆ) ಉಡಿಸಿ, ಸೊಂಟಕ್ಕೆ ಶಲ್ಯ ಬಿಗಿದವರೂ ಅವರೇ.

ಮುಂದಿನ ಒಡಾಲಾನ್ 210 ದಿನಕ್ಕೆ ಬರುತ್ತದೆ. ನನ್ನ ಜಾಗದಲ್ಲಿ ಕೂರುವ ಹುಡುಗಿಗೆ ಸಾಂಗ್‌ಸಿಹ್ ಹೇಳಿಕೊಡುವ ಕೆಲಸವನ್ನು ಇಬುಗಳು ನನಗೇ ಒಪ್ಪಿಸಿದ್ದಾರೆ. ಹೊರಡುವ ದಿನದವರೆಗೂ ಸಂಜೆ ತಪ್ಪದೆ ಹೋಗುತ್ತೇನೆ. ಪಾಕ್, ಇಬು, ನಿಮ್ಮ ಬಾಲಿ ಭಾಷೆಯಲ್ಲೇ ಥ್ಯಾಂಕ್ಸ್: ಮಾತುರ್ ಸುಕ್ಸಮ.