ಗೋಡೆಗೆ ತೂಗುಹಾಕಬೇಡ, ಪುಟ್ಟಿ

ಸಾಗರ
ಆಷಾಢದ ಒಂದು ಸಂಜೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಳೆ ಹಿಡಿದು ಕೂತಿದೆ, ಬಾಗಿಲುಗಳೆಲ್ಲ ಉಬ್ಬಿ ಒದ್ದರೂ ಮುಚ್ಚುತ್ತಿಲ್ಲ. ಮನೆ ಸುದ್ದಿಯನ್ನು ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನಿನ್ನ ಗಿಟಾರ್ ಮಾಡಲೆಂದು ಅಜ್ಜನ ಮಂಚದ ತಲೆಹಲಗೆಯನ್ನು ನಿನಗೆ ಕಳಿಸಿದಾಗ ಯಾರು ಏನಂದರು, ಯಾರು ಊಟ ಬಿಟ್ಟು ಎದ್ದರು ಅನ್ನುವುದೂ ನಿನಗೆ ಗೊತ್ತು. ಅದೆಲ್ಲ ಬಿಟ್ಟೆ.

ನಿನ್ನ ಕಾಗದದ ಕೊನೆಗೆ ಒಂದು ಸಾಲು ಬರೆದಿದ್ದೀಯ. ‘ತಂತಿ ಬಿಗಿದ ಕೂಡಲೇ ಮೇಲಿನ ಹಲಗೆ ಸೀಳಿಬಿಟ್ಟರೆ ಅಂತ ಭಯ ದೊಡ್ಡಪ್ಪ, ಹಾಗೇ ಗೋಡೆಗೆ ತೂಗುಹಾಕಿಬಿಡಲಾ ಅನ್ನಿಸುತ್ತೆ.’ ತಮಾಷೆಗೆ ಬರೆದ ಹಾಗಿದೆ. ಆದರೆ ಅದನ್ನು ಓದಿದ ಮೇಲೆ ಅದರ ಹಿಂದಿನ ಪುಟಗಳಲ್ಲಿ ಏನಿತ್ತು ಅಂತಲೇ ನನಗೆ ಮರೆತುಹೋಯಿತು. ರಾತ್ರಿ ಎದ್ದು ಮತ್ತೆ ಓದಿದೆ. ದೊಡ್ಡಮ್ಮ ಬೈದಳು.

ನಾನು ಗಿಟಾರ್ ಮಾಡಿದವನಲ್ಲ. ಐಟಿಐಯಲ್ಲಿ ಮರಗೆಲಸ ಕಲಿಸಿದ ಮೇಷ್ಟ್ರು, ಅಷ್ಟೇ. ನಿನ್ನ ಅಣ್ಣ ತೆಗೆದುಕೊಟ್ಟದ್ದನ್ನು ಕನ್ನಡಕ ಹಾಕಿಕೊಂಡು ಓದಿ ತಿಳಿದುಕೊಂಡಿದ್ದು ಇಷ್ಟು: ನೀನು ತಂದಿಟ್ಟಿರುವಂಥ ತೆಳು ಉಕ್ಕಿನ ತಂತಿ ಆರನ್ನೂ ಶ್ರುತಿಗೆ ತಂದರೆ ಒಟ್ಟು ಎಳೆತ 70 ಕಿಲೋ ದಾಟುತ್ತದೆ. ಅದನ್ನು ತಡೆಯುವುದು 3 ಮಿಲಿಮೀಟರ್ ಕೂಡ ಇಲ್ಲದ ಸ್ಪ್ರೂಸ್ ಮರದ ಮೇಲಿನ ಹಲಗೆ, ಅದರ ಅಡಿಗೆ ನೀನು ಅಂಟಿಸಿದ ಸಣ್ಣ ಪಟ್ಟಿಗಳು. ಒಂದು ಆಳಿನ ಭಾರ, ಹಗಲೂ ರಾತ್ರಿ. ಹಾಗಾಗಿ ನಿನ್ನ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಲೆಕ್ಕ ಗೊತ್ತಿರುವವರಿಗೇ ಬರುವ ಭಯ ಅದು.

ಆದರೆ ಪುಟ್ಟಿ, ಆ ಹಲಗೆಯನ್ನು ತೋಪಡ ಹೊಡೆದು ಅಷ್ಟು ತೆಳುವಾಗಿಸಿದವಳು ನೀನೇ. ದಪ್ಪ ಬಿಟ್ಟಿದ್ದರೆ ಸೀಳುವ ಮಾತೇ ಇರುತ್ತಿರಲಿಲ್ಲ, ದನಿಯೂ ಇರುತ್ತಿರಲಿಲ್ಲ. ಬೆರಳಲ್ಲಿ ತಟ್ಟಿ ತಟ್ಟಿ ಕೇಳಿದೆ, ಒಂದು ಹಂತಕ್ಕೆ ಅದು ಮಾತಾಡಿತು, ಅಲ್ಲಿಗೆ ನಿಲ್ಲಿಸಿದೆ ಅಂತ ಹಿಂದಿನ ಕಾಗದದಲ್ಲಿ ಬರೆದಿದ್ದೆಯಲ್ಲ, ಆಗ ಇಲ್ಲದ ಭಯ ಈಗ ಯಾಕೆ?

ನನಗೆ ಹೊಳೆದಿದ್ದು ಹೇಳುತ್ತೇನೆ, ತಪ್ಪಿದ್ದರೆ ನಕ್ಕುಬಿಡು. ನೀನು ಪಾಲಿಶ್ ಮಾಡಿದ್ದೀಯ, ಕೆಡಿಸಿದ್ದೀಯ, ಉಪ್ಪುಕಾಗದದಲ್ಲಿ ಉಜ್ಜಿ ತೆಗೆದಿದ್ದೀಯ, ಮತ್ತೆ ಪಾಲಿಶ್. ಅರಗಿನ ಚಕ್ಕೆ ನೆನೆಸಿದ ಸ್ಪಿರಿಟ್ ವಾಸನೆಗೆ ಪಕ್ಕದ ಮನೆಯವರು ಬಂದು ಕೇಳಿದರಂತೆ. ಇದು ಪಾಲಿಶ್‌ಗಾಗಿ ಮಾಡುತ್ತಿರುವುದಲ್ಲ ಅಂತ ನನ್ನ ಅನುಮಾನ. ಪಾಲಿಶ್ ಮುಗಿದರೆ ಮುಂದಿನ ಕೆಲಸ ತಂತಿ. ಅದಕ್ಕೇ ಮುಗಿಯುತ್ತಿಲ್ಲ. ಅಂದಹಾಗೆ ಈ ತೇವದಲ್ಲಿ ಅರಗಿನ ಪಾಲಿಶ್ ಬೆಳ್ಳಗೆ ಮಂಕಾಗುತ್ತದೆ, ಅದು ನಿನ್ನ ಕೈಯ ದೋಷವಲ್ಲ. ಬಿಸಿಲು ಬಂದ ದಿನ ನೋಡಿಕೋ. ಆಮೇಲೆ ಸಾಕು. ಪದರದ ಮೇಲೆ ಪದರ ಏರಿಸಿದರೆ ಹಲಗೆ ಅದೇ ಭಾರಕ್ಕೆ ಮಂದವಾಗುತ್ತದೆ.

ನಿನ್ನ ಅಜ್ಜ ಹೊಸ ಮಂಚ ಮಾಡಿದರೆ ಗಿರಾಕಿಗೆ ಕೊಡುವ ಮುಂಚೆ ನಮ್ಮನ್ನೆಲ್ಲ ಅದರ ಮೇಲೆ ಹತ್ತಿಸಿ ಕುಣಿಸುತ್ತಿದ್ದರು. ಬೀದಿ ಹುಡುಗರೂ ಸೇರುತ್ತಿದ್ದರು. ಅಜ್ಜ ಮಾತ್ರ ಕೆಳಗೆ ಕುಕ್ಕರಗಾಲಲ್ಲಿ ಕೂತು, ಕಾಲು ಮತ್ತು ಪಟ್ಟಿ ಸೇರುವ ಜಾಗಕ್ಕೆ ಕಿವಿ ಕೊಟ್ಟು ಕೇಳುತ್ತಿದ್ದರು. ಎಲ್ಲಾದರೂ ಕಿರ್ ಅಂದರೆ ಕೈ ಎತ್ತುತ್ತಿದ್ದರು. ನಾವು ಇಳಿಯಬೇಕು. ಅಲ್ಲಿಗೊಂದು ಬೆಣೆ ಬಡಿದು ಮತ್ತೆ ಹತ್ತಿ ಅನ್ನುತ್ತಿದ್ದರು. ನಮಗೆ ಅದು ಆಟ.

ಇದನ್ನು ನೋಡಿ ಬೆಳೆದ ನಾನು ಐಟಿಐಯಲ್ಲಿ ಏನು ಮಾಡಿದೆ? ಹುಡುಗರು ಡವ್‌ಟೇಲ್ ಜೋಡಣೆ ಮಾಡಿ ತರುತ್ತಿದ್ದರು. ಸಂದಿನಲ್ಲಿ ಬೆಳಕು ತೂರುತ್ತದೋ ಅಂತ ಎತ್ತಿ ಹಿಡಿದು ನೋಡುತ್ತಿದ್ದೆ, ಮೂಲೆಮಟ್ಟ ಇಡುತ್ತಿದ್ದೆ, ಅಂಕ ಬರೆಯುತ್ತಿದ್ದೆ. ಆಮೇಲೆ ಅವು ಸ್ಟೋರ್ ರೂಮಿನ ಮೂಲೆಗೆ. ವರ್ಷದ ಕೊನೆಗೆ ಒಲೆಗೆ. ಒಂದರ ಮೇಲೂ ಒಬ್ಬ ಮನುಷ್ಯ ಕೂತಿದ್ದಿಲ್ಲ. ಒಬ್ಬ ಹುಡುಗ ಕೇಳಿದ್ದ, ‘ಸಾರ್, ಇದನ್ನ ಜೋತುಬಿದ್ದು ನೋಡ್ಲಾ?’ ಅಂತ. ಅಂಕ ಇನ್ನೂ ಏರಿಸಿಲ್ಲ, ಮುಟ್ಟಬೇಡ ಅಂದೆ. ಅವನು ಈಗ ಎಲ್ಲಿದ್ದಾನೋ. ಅವನ ಮುಖ ನೆನಪಿದೆ, ಹೆಸರಿಲ್ಲ. ಜೋತುಬೀಳಲು ಬಿಟ್ಟಿದ್ದರೆ ಅದು ಮುರಿಯುತ್ತಿತ್ತೋ ಏನೋ, ಆದರೆ ಎಲ್ಲಿ ಮುರಿಯಿತು ಅನ್ನುವುದಾದರೂ ಇಬ್ಬರಿಗೂ ತಿಳಿಯುತ್ತಿತ್ತು.

ಅದಕ್ಕೇ ಗೋಡೆ ಅನ್ನುವ ಮಾತು ನನಗೆ ಅಷ್ಟು ತಾಗಿದ್ದು.

ಮಂಚದ ಬೀಟೆ ಹಾಳಾಗುತ್ತದೆ ಅನ್ನುವ ಅಳುಕು ಒಳಗೊಳಗೆ ಇದ್ದರೆ ಅದನ್ನೂ ತೆಗೆದುಹಾಕು. ಅದು ಬೆನ್ನು ಮತ್ತು ಪಕ್ಕಕ್ಕೆ ಹೋಗಿದೆ, ಎಳೆತದ ಹೆಚ್ಚಿನ ಪಾಲು ಮೇಲಿನ ಹಲಗೆಯದು. ಸ್ಪೇನಿನಲ್ಲಿ ಆಂಟೋನಿಯೊ ದೆ ಟೊರೆಸ್ ಅಂತ ಒಬ್ಬ ಇದ್ದ, 1817ರಿಂದ 1892ರವರೆಗೆ ಬದುಕಿದ್ದವನು. ಇಂದಿನ ಗಿಟಾರಿಗೆ ರೂಪ ಕೊಟ್ಟವನೇ ಅವನಂತೆ. ದನಿ ಹುಟ್ಟುವುದು ಮೇಲಿನ ಹಲಗೆಯಲ್ಲಿ ಅಂತ ತೋರಿಸಲು 1862ರಲ್ಲಿ ಬೆನ್ನು, ಪಕ್ಕ ಎರಡನ್ನೂ ಕಾಗದದ ರಟ್ಟಿನಲ್ಲಿ ಮಾಡಿದ. ಅದು ಈಗಲೂ ಬಾರ್ಸಿಲೋನಾದ ಮ್ಯೂಸಿಯಂನಲ್ಲಿದೆ. ಆದರೂ ನಮ್ಮ ಬೀಟೆಯ ಮೇಲೆ ಅಭಿಮಾನ ಹೋಗುವುದಿಲ್ಲ ನೋಡು. ಗಿಟಾರ್ ಮಾಡುವ ಅಮೆರಿಕದ ಮಾರ್ಟಿನ್ ಕಂಪನಿಯವರು 1969ರಲ್ಲಿ ಬ್ರೆಜಿಲಿನ ಬೀಟೆ ಬಿಟ್ಟು ಭಾರತದ್ದಕ್ಕೆ ಬಂದರಂತೆ. ಇದನ್ನು ಓದಿ ನನಗೆ ಒಂದು ಥರಾ ಆಯಿತು. ನಾವು ಮಂಚ ಮಾಡಿ ಮಲಗಿದೆವು, ಅವರು ಬಾರಿಸಿದರು.

ಎಲ್ಲಿಗೋ ಹೋದೆ. ಭಯಕ್ಕೇ ಬರುತ್ತೇನೆ.

ಸೀಳುವುದಕ್ಕಿಂತ ಮೊದಲು ಬಿಡುವುದು ಬ್ರಿಡ್ಜ್, ತಂತಿಗಳ ಬುಡ ಹಿಡಿದು ಹಲಗೆಗೆ ಅಂಟಿರುವ ಆ ಪಟ್ಟಿ. ತಂತಿ ಅದನ್ನು ಮುಂದಕ್ಕೆ ಮಗುಚಲು ನೋಡುತ್ತದೆ, ಹಿಂದಿನ ಅಂಚು ಏಳುತ್ತದೆ. ಅದನ್ನು ಅಂಟಿಸಿದ ಜಾಗದಲ್ಲಿ ಪಾಲಿಶ್ ಪೂರ್ತಿ ಹೆರೆದು ಬರಿ ಮರಕ್ಕೆ ಅಂಟಿಸಿದ್ದೀಯ ತಾನೆ? ನಿನಗೆ ಗೊತ್ತಿರುತ್ತದೆ, ಆದರೂ ಕೇಳಿದೆ. ಪಾಲಿಶ್ ಮೇಲೆ ಹಾಕಿದ ಅಂಟು ಮರ ಹಿಡಿಯುವುದಿಲ್ಲ. ಬಳಸಿದ್ದು ಬಿಳಿ ಅಂಟೋ ಮರವಜ್ರವೋ ನೀನು ಬರೆದಿಲ್ಲ. ಎರಡೂ ಬಿಸಿಗೆ ಬಿಡುತ್ತವೆ, ಕಾರಿನೊಳಗೆ ಬಿಸಿಲಲ್ಲಿ ಬಿಟ್ಟು ಹೋಗಬೇಡ. ಹಾಗೆಯೇ ಬ್ರಿಡ್ಜ್ ಎದ್ದರೂ ಹಣೆ ಚಚ್ಚಿಕೊಳ್ಳಬೇಡ, ಅದೇ ಬಿಸಿಯಿಂದ ಬಿಡಿಸಿ, ಹೆರೆದು, ಮತ್ತೆ ಕೂರಿಸಬಹುದು. ಸೀಳಿದರೂ ಒಳಗಿನಿಂದ ಅಡ್ಡಕ್ಕೆ ಚಿಕ್ಕ ಮರದ ತುಂಡು ಅಂಟಿಸುವ ದಾರಿ ಇದೆ, ಹಳೇ ಗಿಟಾರುಗಳ ಹೊಟ್ಟೆಯೊಳಗೆ ಅಂಥ ತೇಪೆ ಎಷ್ಟೋ ಇರುತ್ತವಂತೆ.

ಒಂದೇ ಸಲಕ್ಕೆ ಶ್ರುತಿಗೆ ಏರಿಸಬೇಡ ಅಂತ ನನಗನ್ನಿಸುತ್ತದೆ. ಕೆಳಗಿನ ಶ್ರುತಿಯಲ್ಲಿ ಒಂದು ರಾತ್ರಿ ಬಿಡು. ಬೆಳಿಗ್ಗೆ ಬ್ರಿಡ್ಜಿನ ಹಿಂದಿನ ಅಂಚಿಗೆ ತೆಳ್ಳನೆಯ ಕಾಗದದ ಚೂರು ತೂರಿಸಿ ನೋಡು. ಒಳಗೆ ಹೋದರೆ ತಂತಿ ಸಡಿಲಿಸು, ಹೋಗದಿದ್ದರೆ ಏರಿಸು. ಬ್ರಿಡ್ಜಿನ ಹಿಂದೆ ಹಲಗೆ ಸ್ವಲ್ಪ ಉಬ್ಬಿದ ಹಾಗೆ ಕಂಡರೆ ಗಾಬರಿ ಬೀಳಬೇಡ, ಅಷ್ಟು ಸಹಜ. ಗಿಟಾರಿನ ಕತ್ತು, ಅಂದರೆ ನೆಕ್, ಬಾಗುವುದನ್ನು ಅದರೊಳಗಿನ ಸರಳಲ್ಲಿ ತಿದ್ದುವುದು ಹೇಗೆ ಅನ್ನುವುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ದೊಡ್ಡಮ್ಮ ಅಪ್ಪೆಮಿಡಿ ಕಳಿಸುತ್ತಿದ್ದಾಳೆ. ಪಾಲಿಶ್ ಕೈಯಲ್ಲಿ ಮುಟ್ಟಬೇಡ ಅಂದಿದ್ದಾಳೆ.

ತಂತಿ ಹಾಕುವ ದಿನ ನನಗೆ ಮೊದಲೇ ತಿಳಿಸಬೇಡ, ನನ್ನ ಎದೆ ತಡೆಯುವುದಿಲ್ಲ. ಮಾರನೆಯ ದಿನ ಫೋನ್ ಮಾಡಿ ಕಾಗದ ಒಳಗೆ ಹೋಯಿತೋ ಇಲ್ಲವೋ ಅಷ್ಟು ಹೇಳು. ಹೋಗಿದ್ದರೆ ನಾನೇ ಕ್ಲ್ಯಾಂಪ್ ತಗೊಂಡು ರಾತ್ರಿ ಬಸ್ಸಿಗೆ ಬರುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ