ಇಳಿಜಾರಿಗೆ ಅಡ್ಡ ಬಿತ್ತಬೇಕಾದ ಹೊಲವನ್ನು ಉದ್ದಕ್ಕೆ ಬಿತ್ತಿದ ಬಗ್ಗೆ ದೂರು

ವ್ಯವಸ್ಥಾಪಕರಿಗೆ,
ಬಿತ್ತನೆ ಯಂತ್ರ ಬಾಡಿಗೆ ಸೇವಾ ವಿಭಾಗ

ಮಾನ್ಯರೇ,

ಮೂರು ಬಾರಿ ಕರೆ ಮಾಡಿ ವಿನಯದಿಂದ ಕೇಳಿಕೊಂಡರೂ ಪ್ರಯೋಜನವಾಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಸಾಲುಗಳೆಲ್ಲ ಇಳಿಜಾರಿಗೆ ಅಡ್ಡ, ಜೋಡಿ ತೊಗರಿ ಸಾಲುಗಳ ನಡುವೆ ನೀರಿಂಗಲು ಒಂದು ಹರಿ, ಅಂದರೆ ಆಳದ ಸಾಲು: ಇದು ನಿಮ್ಮದೇ ಕರಾರಿನ 4ನೇ ಷರತ್ತು, ತಮಗೆ ನೆನಪಿಸಬೇಕಾಗಿಲ್ಲ. ನಾನು ಬೀಜದ ಚೀಲ ತರಲು ಹೋಗಿ ಬರುವಷ್ಟರಲ್ಲಿ ನಿಮ್ಮ ಚಾಲಕರು, ಅಡ್ಡ ಹೊಡೆದರೆ ತಿರುವು ಹೆಚ್ಚೆಂದು, ಮೇಲಿನಿಂದ ಕೆಳಕ್ಕೆ ಬಿತ್ತಿ, ಹರಿಯನ್ನೂ ತೆಗೆಯದೆ ಮುಗಿಸಿದ್ದರು.

ಮೊದಲ ಜೋರು ಮಳೆಗೆ ಒಂದೊಂದು ಸಾಲೂ ಕಾಲುವೆಯಾಗಿ, ನೀರಿನೊಂದಿಗೆ ಮೇಲ್ಮಣ್ಣೂ ಕೆಳಗಿನ ಬದುವಿಗೆ ಹೋಗಿ ಕೂತಿತು. ನಾನೇ ಎತ್ತಿನ ಕೂರಿಗೆಯಿಂದ ಅಡ್ಡ ಬಿತ್ತಿದ ಪಕ್ಕದ ತುಂಡಿನಲ್ಲಿ ಹತ್ತು ದಿನ ಮಳೆಯಿಲ್ಲದಿದ್ದರೂ ಗೇಣುದ್ದ ಅಗೆದರೆ ಮಣ್ಣು ಉಂಡೆ ಕಟ್ಟುತ್ತದೆ. ನಿಮ್ಮ ಯಂತ್ರ ಓಡಿದ ಕಡೆ ಹುಡಿಯಾಗಿ ಉದುರುತ್ತದೆ. ರಾಗಿಯ ಬೇರು ಮೇಲ್ಪದರದ ನೀರನ್ನು ಕುಡಿದು ಬದುಕೀತು. ನಿಧಾನವಾಗಿ ಬೆಳೆಯುವ ತೊಗರಿ ಮಾತ್ರ ರಾಗಿ ಕೊಯ್ದ ಮೇಲೆ ಆಳದಲ್ಲಿ ಉಳಿದ ತೇವವನ್ನೇ ನಂಬಿರುತ್ತದೆ. ಅದಕ್ಕೆ ಬಿದ್ದ ಪೆಟ್ಟು ಕಾಣುವುದು ಹೂ ಬಿಡುವ ಕಾಲಕ್ಕೆ, ಅಂದರೆ ದೂರು ಸ್ವೀಕರಿಸುವ ನಿಮ್ಮ 30 ದಿನಗಳ ಗಡುವು ಸುಖವಾಗಿ ಮುಗಿದ ಮೇಲೆ.

ಕೊನೆಯ ಕರೆಯಲ್ಲಿ ನಡೆದದ್ದನ್ನು ಒಂದು ಮಾತೂ ಬಿಡದೆ ಬರೆಯುತ್ತೇನೆ. ಹನ್ನೆರಡು ನಿಮಿಷ ಸಂಗೀತ ಕೇಳಿಸಿದ ನಂತರ ಒಬ್ಬ ಯುವಕರು ಮಾತಿಗೆ ಸಿಕ್ಕರು. ತೇವಾಂಶ ಹೋಯಿತೆಂದೆ, ಬೀಜದ ತೇವಾಂಶ ನೋಡುವ ವಿಭಾಗಕ್ಕೆ ವರ್ಗಾಯಿಸಿದರು. ಅಲ್ಲಿಂದ ತಿರುಗಿ ಅವರ ಬಳಿಗೇ ಬಂದೆ. ಬೀಜದ್ದಲ್ಲ, ಮಣ್ಣಿನದು ಎಂದೆ. “ಮಳೆ ಬಂತಲ್ಲ, ಮತ್ತೆ ತೇವ ಹೇಗೆ ಹೋಯಿತು?” ಎಂದರು. ವಿವರಿಸಿದೆ. “ಸಾಲು ಅಡ್ಡವಾದರೇನು, ಉದ್ದವಾದರೇನು, ಬೀಜ ಬಿದ್ದಿದೆಯಲ್ಲ?” ಎಂದರು. 4ನೇ ಷರತ್ತನ್ನು ಓದತೊಡಗಿದೆ. ಅರ್ಧಕ್ಕೇ ತಡೆದು, “ಮನೆಯಲ್ಲಿ ಓದು ಬಲ್ಲವರಿದ್ದರೆ ಅವರಿಗೆ ಫೋನ್ ಕೊಡಿ ಯಜಮಾನರೇ” ಎಂದರು. ಓದುತ್ತಿದ್ದವನು ನಾನೇ. ಕರೆ ಕಡಿದ ಕೂಡಲೇ, ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರೆಂದು ಸಂದೇಶ ಬಂತು. ಆ ಸೌಜನ್ಯಕ್ಕೆ ಋಣಿ.

ಈಗ ಸಾಲುಗಳ ನಡುವೆ ಮಾರಿಗೊಂದರಂತೆ ಅಡ್ಡಗಟ್ಟೆ ಕಟ್ಟಿಸಿ, ಬಿರುಕು ಮುಚ್ಚಲು ತೆಳುವಾಗಿ ಎಡೆಕುಂಟೆ ಹೊಡೆಸಿದ್ದೇನೆ. ಆ ಕೂಲಿಯನ್ನು ನೀವು ಭರಿಸಬೇಕು. ಅಲ್ಲಿಯವರೆಗೆ ಬಾಡಿಗೆಯ ಬಾಕಿ ನನ್ನಲ್ಲೇ ಇರುತ್ತದೆ. ವಸೂಲಿಗೆ ಯಾರನ್ನಾದರೂ ಕಳುಹಿಸಿದರೆ ಮೊದಲು ಅವರ ಕೈಗೆ ಗುದ್ದಲಿ ಕೊಟ್ಟು ಎರಡೂ ತುಂಡುಗಳನ್ನು ಅಗೆಸುತ್ತೇನೆ. ನಿಮ್ಮ ಯಂತ್ರದ ಮುಂದಿನ ಪ್ರಾತ್ಯಕ್ಷಿಕೆಗೆ ಆ ಮಣ್ಣನ್ನು ಎರಡು ಬುಟ್ಟಿಯಲ್ಲಿ ಹೊತ್ತು ನಾನೇ ಬರುತ್ತೇನೆ, ಕರೆಯದಿದ್ದರೂ.

ಇಂತಿ,
ಓದು ಬಲ್ಲ ಗ್ರಾಹಕ